ಹುಳಿ ಹಣ್ಣು ಸಿಹಿಯಾದ ಕಥೆ

ಕವಳಿಯ ಮುಳ್ಳುಪೊದೆಯಲ್ಲಿ ಹಸಿರಾಗಿ ತೂಗುತ್ತಿರುವಾಗ ಅದು ಕವಳಿಕಾಯಿ. ಆಗ ಕಿತ್ತರೆ ಅದರ ದಾರಿ ಉಪ್ಪಿನಕಾಯಿ ಭರಣಿಗೆ, ಇಲ್ಲವೇ ಗೊಜ್ಜಿನ ಪಾತ್ರೆಗೆ. ಕೆಲವು ದಿನ ಬಿಟ್ಟರೆ ಕೆಂಪಾಗಿ, ಮತ್ತೆ ಕಪ್ಪಾಗಿ ಕವಳಿಹಣ್ಣಾಗುತ್ತದೆ. ಆಗ ಅದು ದನ ಕಾಯುವ ಹುಡುಗರ ಜೇಬಿಗೆ ಸೇರಿದ್ದು. ಗಿಡ ಒಂದೇ, ಬಿಟ್ಟದ್ದೂ ಒಂದೇ. ಆದರೆ ಅಡುಗೆಮನೆಯಲ್ಲಿ ಅದು ಎರಡು ಪದಾರ್ಥ, ನಾಲಿಗೆಯ ಮೇಲೆ ಎರಡು ರುಚಿ, ಮಾತಿನಲ್ಲಿ ಎರಡು ಹೆಸರು.

ಇಂಗ್ಲಿಷಿನ ‘ಬೆರ್ರಿ’ ಎಂಬ ಮಾತಿಗೆ ಕನ್ನಡದಲ್ಲಿ ನೇರವಾದ ಪದವಿಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಗಾತ್ರದಲ್ಲಿ ಚಿಕ್ಕದು, ಗುಂಡಗಿನದು, ರಸ ತುಂಬಿದ್ದು ಎಂಬುದನ್ನು ನೋಡಿ ಅವರು ಹೆಸರಿಟ್ಟರೆ, ಮಾಗಿದೆಯೋ ಇಲ್ಲವೋ ಎಂಬುದನ್ನು ನೋಡಿ ನಾವು ಹೆಸರಿಟ್ಟೆವು. ಸಸ್ಯಶಾಸ್ತ್ರಜ್ಞರ ಲೆಕ್ಕವಂತೂ ಈ ಎರಡಕ್ಕೂ ಸೇರದು. ಹೂವಿನ ಒಂದೇ ಅಂಡಾಶಯದಿಂದ ಬೆಳೆದು, ತಿರುಳಿನೊಳಗೆ ಬೀಜ ಇರುವುದೆಲ್ಲ ಅವರಿಗೆ ಬೆರ್ರಿಯೇ. ಆ ಪ್ರಕಾರ ದ್ರಾಕ್ಷಿ, ಟೊಮೆಟೊ, ಬದನೆ, ಬಾಳೆ ಇವೆಲ್ಲ ಬೆರ್ರಿಗಳು. ಹೆಸರಿನಲ್ಲೇ ಬೆರ್ರಿ ಹೊತ್ತಿರುವ ಸ್ಟ್ರಾಬೆರಿ ಮಾತ್ರ ಅಲ್ಲ! ಈ ಲೇಖನದ ಮಟ್ಟಿಗೆ ಅಡುಗೆಯವರ ಲೆಕ್ಕವೇ ಸಾಕು: ಪೊದೆಯಲ್ಲೋ ಮರದಲ್ಲೋ ಬಿಡುವ, ಹುಳಿಯೇ ಮುಂದಾದ ಸಣ್ಣ ಹಣ್ಣುಗಳು.

ಇಂದು ಬೆರ್ರಿ ಎಂದೊಡನೆ ನೆನಪಾಗುವುದು ಕೇಕು, ಐಸ್‌ಕ್ರೀಮು, ಬ್ರೆಡ್ಡಿಗೆ ಸವರುವ ಜಾಮು. ಅದು ಸಿಹಿಯ ಲೋಕದ ವಸ್ತು ಎಂದೇ ಜಗತ್ತು ತೀರ್ಮಾನಿಸಿಬಿಟ್ಟಿದೆ. ಆದರೆ ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೋ ಫ್ರಾನ್ಸಿನಲ್ಲೋ ಬಡವರ ಮನೆಯಲ್ಲಿ ಇಂಥ ಹುಳಿಹಣ್ಣಿನ ಬುಟ್ಟಿ ಬಂದಿಳಿದರೆ ಅದು ಮೊದಲು ಸೇರುತ್ತಿದ್ದುದು ಮೀನು ಮಾಂಸದ ಪಕ್ಕವನ್ನು. ಕಾಡು ಸ್ಟ್ರಾಬೆರಿಯನ್ನು ಹಾಲಿನ ಕೆನೆಯೊಡನೆ ತಿನ್ನುವ ರೂಢಿ ಇತ್ತು, ನಿಜ. ಆದರೆ ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಹುಳಿಹಣ್ಣನ್ನು ಸಿಹಿ ಮಾಡುವುದು ಸಿರಿವಂತರಿಗಷ್ಟೇ ಸಾಧ್ಯವಿತ್ತು. ಉಳಿದವರಿಗೆ ಹುಳಿಹಣ್ಣು ಎಂದರೆ ಹುಳಿಯೇ.

ಮೀನಿಗೊಂದು ಹಣ್ಣು

ಫ್ರೆಂಚ್ ಭಾಷೆಯಲ್ಲಿ ಗೂಸ್‌ಬೆರಿಯ ಹೆಸರು ‘ಗ್ರೊಸೇಯ್ ಆ ಮಾಕ್ರೋ’. ಮ್ಯಾಕೆರೆಲ್ ಮೀನಿನ ಹಣ್ಣು ಎಂದು ಅದರ ತಾತ್ಪರ್ಯ. ಮ್ಯಾಕೆರೆಲ್ ನಮ್ಮ ಕರಾವಳಿಯ ಬಂಗುಡೆಯ ಬಳಗಕ್ಕೆ ಸೇರಿದ ಮೀನು. ಮೈತುಂಬ ಎಣ್ಣೆಯಂಶ ಉಳ್ಳದ್ದು. ಅಂಥ ಮೀನಿನ ಜಿಡ್ಡನ್ನು ನಾಲಿಗೆಯ ಮೇಲೆ ಕಡಿದುಹಾಕಲು ಹುಳಿ ಬೇಕೇ ಬೇಕು. ಹುಣಸೆ ಬೆಳೆಯದ, ನಿಂಬೆ ದೂರದಿಂದ ಬರಬೇಕಿದ್ದ ಚಳಿನಾಡಿನಲ್ಲಿ ಆ ಹುಳಿಯನ್ನು ಒದಗಿಸಿದ್ದು ಹಿತ್ತಲ ಗೂಸ್‌ಬೆರಿ. ಇಂಗ್ಲೆಂಡಿನಲ್ಲೂ ಮ್ಯಾಕೆರೆಲ್ ಜೊತೆಗೆ ಗೂಸ್‌ಬೆರಿ ಗೊಜ್ಜು ಬಡಿಸುವುದು ಹಳೆಯ ಪದ್ಧತಿ. ಮಾಗದ ದ್ರಾಕ್ಷಿಯನ್ನು ಹಿಂಡಿ ತೆಗೆದ ಹುಳಿರಸವಂತೂ ಮಧ್ಯಯುಗದ ಯುರೋಪಿನ ಅಡುಗೆಯಲ್ಲಿ ನಮ್ಮ ಹುಣಸೆರಸದ ಸ್ಥಾನದಲ್ಲೇ ಇತ್ತು. ಇಂಗ್ಲಿಷರು ನಮ್ಮ ನೆಲ್ಲಿಕಾಯಿಗೆ ‘ಇಂಡಿಯನ್ ಗೂಸ್‌ಬೆರಿ’ ಎಂದು ಹೆಸರಿಟ್ಟರು. ಸಸ್ಯಕುಲದಲ್ಲಿ ಇವೆರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ರೂಪಕ್ಕೆ ಮತ್ತು ಹುಳಿಗೆ ಮಾತ್ರ ಹೋಲಿಕೆ.

ಉತ್ತರದ ಸ್ವೀಡನ್ನಿನಲ್ಲಿ ಈ ಕೆಲಸ ಲಿಂಗನ್ ಎಂಬ ಕೆಂಪು ಹಣ್ಣಿನದು. ಈ ಹಣ್ಣಿನಲ್ಲಿ ಬೆಂಜೋಯಿಕ್ ಆಮ್ಲ ಸಹಜವಾಗಿಯೇ ಇರುವುದರಿಂದ ಬರಿಯ ನೀರಿನಲ್ಲಿ ಹಾಕಿಟ್ಟರೂ ಚಳಿಗಾಲ ಕಳೆಯುವವರೆಗೆ ಕೆಡುವುದಿಲ್ಲ. ಸಕ್ಕರೆ ಕೊಳ್ಳಲಾರದ ರೈತನ ಮನೆಯಲ್ಲೂ ಮಾಂಸದ ಜೊತೆಗೆ ಹುಳಿ ಇರುತ್ತಿದ್ದುದು ಹೀಗೆ.

ಬಾರ್ಬೆರಿಯ ಕಥೆ ಇನ್ನೂ ವಿಚಿತ್ರ. ಈ ಮುಳ್ಳುಗಿಡದ ಪುಟ್ಟ ಕೆಂಪು ಹಣ್ಣು ಒಂದು ಕಾಲಕ್ಕೆ ಯುರೋಪಿನ ಅಡುಗೆಯಲ್ಲೂ ಇತ್ತು, ಅಲ್ಲಿಂದ ವಲಸೆ ಹೋದವರ ಜೊತೆ ಅಮೆರಿಕಕ್ಕೂ ಹೋಗಿತ್ತು. ಆದರೆ ಬಾರ್ಬೆರಿಯ ಪೊದೆ ಇದ್ದ ಕಡೆ ಗೋಧಿಗೆ ತುಕ್ಕುರೋಗ ಬರುತ್ತದೆಂದು ರೈತರು ಬಹಳ ಹಿಂದೆಯೇ ಗುಮಾನಿಪಟ್ಟಿದ್ದರು. 1726ರಲ್ಲಿ ಅಮೆರಿಕದ ಕನೆಕ್ಟಿಕಟ್ ವಸಾಹತು ಈ ಗಿಡಗಳನ್ನು ಕಡಿಯಲು ಕಾನೂನನ್ನೇ ಮಾಡಿತು. ರೈತರ ಗುಮಾನಿ ನಿಜವೆಂದು ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಸಾಧಿಸಿ ತೋರಿಸಿದ್ದು 1865ರಲ್ಲಿ. ಗೋಧಿಯನ್ನು ಕಾಡುವ ಶಿಲೀಂಧ್ರ ತನ್ನ ಬಾಳಿನ ಒಂದು ಘಟ್ಟವನ್ನು ಬಾರ್ಬೆರಿಯ ಎಲೆಯ ಮೇಲೆ ಕಳೆಯುತ್ತದೆ. 1918ರಿಂದ ಅಮೆರಿಕ ಸರ್ಕಾರವೇ ಲಕ್ಷಾಂತರ ಬಾರ್ಬೆರಿ ಪೊದೆಗಳನ್ನು ಕೀಳಿಸಿತು. ಗಿಡದ ಜೊತೆಗೆ ಅಡುಗೆಯೂ ಮರೆಯಾಯಿತು. ಆದರೆ ಇರಾನಿನಲ್ಲಿ ಅದು ಉಳಿಯಿತು. ದಕ್ಷಿಣ ಖೊರಾಸಾನ್ ಪ್ರಾಂತದಲ್ಲಿ ಬೀಜವಿಲ್ಲದ ಬಾರ್ಬೆರಿಯನ್ನು ಇಂದಿಗೂ ಬೆಳೆಯುತ್ತಾರೆ. ಬೆಣ್ಣೆಯಲ್ಲಿ ಬಾಡಿಸಿದ ಈ ಹಣ್ಣನ್ನು ಕೇಸರಿ ಹಾಕಿದ ಅನ್ನದ ಮೇಲೆ ಹರಡಿ, ಕೋಳಿಯ ಜೊತೆ ಬಡಿಸುವ ‘ಜೆರೆಶ್ಕ್ ಪೊಲೊ’ ಅಲ್ಲಿ ಹಬ್ಬದ ಊಟ.

ಅಮೆರಿಕದ ಮೂಲನಿವಾಸಿಗಳದು ಮತ್ತೊಂದು ಉಪಾಯ. ಕಾಡುಕೋಣದ ಮಾಂಸವನ್ನು ಒಣಗಿಸಿ, ಕುಟ್ಟಿ, ಕರಗಿಸಿದ ಕೊಬ್ಬಿನೊಡನೆ ಒಣ ಬೆರ್ರಿ ಸೇರಿಸಿ ಮಾಡುವ ಪೆಮಿಕನ್ ಅವರ ಬುತ್ತಿ. ತಿಂಗಳುಗಟ್ಟಲೆ ಕೆಡದ ಈ ಬುತ್ತಿಯಿಲ್ಲದೆ ಕೆನಡಾದ ತುಪ್ಪಳದ ವ್ಯಾಪಾರಿಗಳು ದೋಣಿ ಹೊರಡಿಸುತ್ತಿರಲಿಲ್ಲ. 1814ರಲ್ಲಿ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್ ಪೆಮಿಕನ್ ಹೊರಗೆ ಸಾಗಿಸಬಾರದೆಂದು ಆಜ್ಞೆ ಹೊರಡಿಸಿದಾಗ ಅದು ರಕ್ತಪಾತಕ್ಕೇ ದಾರಿಯಾಯಿತು. ಅಲ್ಲಿಗೆ ಬಂದು ನೆಲೆಸಿದ ಬಿಳಿಯರು ಕ್ರಾನ್‌ಬೆರಿಯನ್ನು ಮಾಂಸದ ಜೊತೆಗೇ ಕಲಿತರು. 1796ರಲ್ಲಿ ಪ್ರಕಟವಾದ ಅಮೆಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ಯಲ್ಲಿ ಟರ್ಕಿ ಕೋಳಿಗೆ ಕ್ರಾನ್‌ಬೆರಿ ಸಾಸ್ ಜೊತೆಯಾಗಬೇಕೆಂಬ ಸೂಚನೆ ಇದೆ. ಅಮೆರಿಕದವರೊಬ್ಬರು ಬರೆದು ಅಲ್ಲೇ ಅಚ್ಚಾದ ಮೊದಲ ಅಡುಗೆ ಪುಸ್ತಕ ಅದು.

ಸಕ್ಕರೆ ಬಂದ ದಾರಿ

ಹೀಗೆ ಮೀನು, ಮಾಂಸ, ಅನ್ನದ ಜೊತೆಗಿದ್ದ ಹಣ್ಣು ಸಿಹಿತಿಂಡಿಯ ತಟ್ಟೆಗೆ ಹಾರಿದ್ದು ಹೇಗೆ? ಉತ್ತರ ಹುಡುಕಿದರೆ ಸಕ್ಕರೆಗೆ ಬಂದು ಮುಟ್ಟುತ್ತೇವೆ. ಇಂಗ್ಲಿಷಿನ ‘ಶುಗರ್’ ಪದದ ಮೂಲ ನಮ್ಮ ‘ಶರ್ಕರಾ’ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಕಬ್ಬಿನ ರಸವನ್ನು ಹರಳುಗಟ್ಟಿಸುವ ವಿದ್ಯೆ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಕೈಗೆ, ಆಮೇಲೆ ಯುರೋಪಿಗೆ ಹೋಯಿತು. ಅಲ್ಲಿ ಬಹುಕಾಲ ಅದು ಔಷಧಿ ಅಂಗಡಿಯಲ್ಲಿ ತೂಗಿ ಮಾರುವ ಬೆಲೆಬಾಳುವ ವಸ್ತುವಾಗಿತ್ತು.

ಅದನ್ನು ಅಗ್ಗ ಮಾಡಿದ್ದು ಗುಲಾಮರ ಬೆವರು. ಅಟ್ಲಾಂಟಿಕ್ ಸಾಗರ ದಾಟಿಸಲೆಂದು ಹಡಗು ಹತ್ತಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 1.25 ಕೋಟಿ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ಜನರನ್ನು ಒಯ್ದದ್ದು ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳಂಥ ಕಬ್ಬಿನ ನಾಡುಗಳಿಗೆ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೊಂಡಾಗ ಮಾರಿಷಸ್‌ನಂಥ ಕಡೆಯ ಕಬ್ಬಿನ ಗದ್ದೆಗಳಿಗೆ ಕರಾರಿನ ಮೇಲೆ ಸಾಗಿಸಿದ್ದು ಭಾರತದ ಕೂಲಿಗಳನ್ನು. ಶರ್ಕರೆಯ ಹಿಂದೆಯೇ ಶರ್ಕರೆಯ ನಾಡಿನ ಜನರೂ ಸಮುದ್ರ ದಾಟಬೇಕಾಯಿತು.

ಇತ್ತ ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಬೀಟ್ ಗಡ್ಡೆಯಲ್ಲೂ ಕಬ್ಬಿನಲ್ಲಿರುವ ಸಕ್ಕರೆಯೇ ಇದೆಯೆಂದು ತೋರಿಸಿದ್ದ. ಅವನ ಶಿಷ್ಯ ಅಖಾರ್ಡ್ 1801ರಲ್ಲಿ ಸೈಲೀಸಿಯಾದಲ್ಲಿ ಬೀಟ್ ಸಕ್ಕರೆಯ ಕಾರ್ಖಾನೆ ಕಟ್ಟಿದ. ಎರಡು ಮೂಲಗಳ ಪೈಪೋಟಿಯಿಂದ ಸಕ್ಕರೆಯ ಬೆಲೆ ಇಳಿಯುತ್ತ ಬಂತು. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅದೇ ಆಸುಪಾಸಿನಲ್ಲಿ, 1873ರಲ್ಲಿ, ಕೇಂಬ್ರಿಜ್ ಬಳಿಯ ಚೀವರ್ಸ್ ಎಂಬ ತೋಟಗಾರರ ಮನೆತನ ಜಾಮ್ ತಯಾರಿಕೆಗೆ ಇಳಿಯಿತು. ಅಂಥ ಕಾರ್ಖಾನೆಗಳು ಒಂದರ ಹಿಂದೊಂದು ಹುಟ್ಟಿಕೊಂಡವು.

ಜಾಮಿಗೆ ಹುಳಿಹಣ್ಣೇ ಬೇಕಾದುದಕ್ಕೆ ಕಾರಣವಿದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಗಟ್ಟಿಯಾಗಿ ಹೆಪ್ಪುಗಟ್ಟಬೇಕಾದರೆ ಆಮ್ಲವೂ ಬೇಕು, ಹೇರಳ ಸಕ್ಕರೆಯೂ ಬೇಕು. ಪಾಕದಲ್ಲಿ ಸಕ್ಕರೆಯ ಅಂಶ ಶೇ 65ರ ಹತ್ತಿರಕ್ಕೆ ಏರಿದರೆ ಬೂಸು ಮತ್ತು ಹುಳಿಸುವ ಜೀವಾಣುಗಳಿಗೆ ಬೇಕಾದ ನೀರು ಸಿಗದಂತಾಗಿ ಹಣ್ಣು ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಅಲ್ಲಿ ಸಕ್ಕರೆ ಮಾಡುತ್ತದೆ. ಇಡೀ ದಿನ ಗಿರಣಿಯಲ್ಲಿ ದುಡಿದು ಬರುವ ಹೆಂಗಸಿಗೆ ಒಲೆ ಹೊತ್ತಿಸಲು ಪುರುಸೊತ್ತಿರಲಿಲ್ಲ. ಬ್ರೆಡ್ಡಿಗೆ ಜಾಮು ಸವರಿ ಮಕ್ಕಳ ಮುಂದಿಟ್ಟರೆ ಊಟ ಮುಗಿಯುತ್ತಿತ್ತು. ಬೆಣ್ಣೆಗಿಂತ ಜಾಮು ಅಗ್ಗವಾಗಿತ್ತು. ಹೀಗೆ ಒಂದೆರಡು ತಲೆಮಾರಿನೊಳಗೆ ಬೆರ್ರಿ ಎಂದರೆ ಸಿಹಿ ಎಂಬ ಭಾವನೆ ಮನೆಮನೆಯಲ್ಲಿ ನೆಲೆಯೂರಿತು.

ಹಣ್ಣೇ ಬದಲಾಯಿತು

ನಾಲಿಗೆಯ ಹಿಂದೆ ತೋಟವೂ ನಡೆಯಿತು. ಇಂದು ನಾವು ಕಾಣುವ ದಪ್ಪ ಸ್ಟ್ರಾಬೆರಿ ಯಾವ ಕಾಡಿನಲ್ಲೂ ಇರಲಿಲ್ಲ. ಫ್ರೆಂಚ್ ಸೇನೆಯ ಎಂಜಿನಿಯರ್ ಅಮೆದೆ ಫ್ರೆಜಿಯೆ ಚಿಲಿ ದೇಶದ ಕೋಟೆಗಳ ಗುಟ್ಟು ತಿಳಿಯಲು ಹೋದವನು 1714ರಲ್ಲಿ ಹಿಂದಿರುಗುವಾಗ ಅಲ್ಲಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದ. ಬದುಕಿ ಬಂದವು ಐದೇ ಗಿಡ, ಅವೂ ಹೆಣ್ಣು ಗಿಡಗಳು. ಒಂಟಿಯಾಗಿ ನೆಟ್ಟಾಗ ಕಾಯಿ ಕಚ್ಚಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪಕ್ಕದಲ್ಲಿ ನೆಟ್ಟಾಗ ಎರಡರ ಬೆರಕೆಯಿಂದ ಹೊಸ ತಳಿ ಹುಟ್ಟಿತು. ಇದು ಬೆರಕೆ ಎಂಬುದನ್ನು 1766ರಲ್ಲಿ ಬರೆದು ತೋರಿಸಿದವನು ಹತ್ತೊಂಬತ್ತರ ಹರೆಯದ ಆಂಟ್ವಾನ್ ಡ್ಯುಶೇನ್.

ಕ್ರಾನ್‌ಬೆರಿಯನ್ನು ಜೌಗಿನಿಂದ ತೋಟಕ್ಕೆ ತಂದವನು ಮ್ಯಾಸಚೂಸೆಟ್ಸ್‌ನ ಡೆನ್ನಿಸ್ ಎಂಬ ಊರಿನ ಹೆನ್ರಿ ಹಾಲ್. ಸಮುದ್ರದ ಗಾಳಿಗೆ ಮರಳು ಬಂದು ಬಿದ್ದ ಬಳ್ಳಿಗಳೇ ಹೆಚ್ಚು ಚೆನ್ನಾಗಿ ಬೆಳೆಯುವುದನ್ನು ನೋಡಿ 1816ರಲ್ಲಿ ಆತ ಬೇಸಾಯ ಆರಂಭಿಸಿದ. ಬ್ಲೂಬೆರಿಯ ಸರದಿ ಬಂದದ್ದು ಇನ್ನೂ ತಡವಾಗಿ. ಅದಕ್ಕೆ ಹುಳಿಮಣ್ಣೇ ಬೇಕೆಂದು ಫ್ರೆಡರಿಕ್ ಕೊವಿಲ್ ಎಂಬ ಸಸ್ಯಶಾಸ್ತ್ರಜ್ಞ 1910ರಲ್ಲಿ ಪ್ರಕಟಿಸಿದ ಬರಹವನ್ನು ಓದಿ, ನ್ಯೂಜೆರ್ಸಿಯ ಎಲಿಜಬೆತ್ ವೈಟ್ ತಮ್ಮ ಜಮೀನಿಗೆ ಅವನನ್ನು ಕರೆಸಿಕೊಂಡರು. ಕಾಡು ಬಲ್ಲ ಸುತ್ತಲಿನ ಬಡಜನರಿಗೆ ಹಣ ಕೊಟ್ಟು ದಪ್ಪ ಹಣ್ಣಿನ ಪೊದೆಗಳನ್ನು ಹುಡುಕಿಸಿ, ಹುಡುಕಿದವರ ಹೆಸರನ್ನೇ ಗಿಡಕ್ಕಿಟ್ಟರು. 1916ರಲ್ಲಿ ಮೊದಲ ಬೆಳೆ ಮಾರುಕಟ್ಟೆಗೆ ಬಂತು. ನಾವು ಅನಾದಿ ಎಂದು ಭಾವಿಸುವ ಬೇಸಾಯದ ವಯಸ್ಸು ಹೆಚ್ಚೆಂದರೆ ನೂರು ಚಿಲ್ಲರೆ ವರ್ಷ.

ಆಗಿದ್ದ ಖಾರದ, ಉಪ್ಪಿನ ಅಡುಗೆಗಳು ಪೂರ್ತಿ ಅಳಿದುಹೋಗಲಿಲ್ಲ. ಸ್ವೀಡನ್ನಿನ ಮಾಂಸದುಂಡೆಯ ಪಕ್ಕದಲ್ಲಿ ಲಿಂಗನ್, ಅಮೆರಿಕದ ಟರ್ಕಿಯ ಪಕ್ಕದಲ್ಲಿ ಕ್ರಾನ್‌ಬೆರಿ ಇಂದಿಗೂ ಇವೆ. ಆದರೆ ಅವುಗಳೊಳಗೂ ಸಕ್ಕರೆ ಹೊಕ್ಕಿದೆ. ಮಾಂಸದ ಜಿಡ್ಡು ಮುರಿಯಲು ಬಂದ ಹುಳಿ ಈಗ ತಾನೇ ಜಾಮಿನ ರೂಪ ತಾಳಿ ಕುಳಿತಿದೆ.

ನಮ್ಮ ಒಲೆಯ ಮೇಲೆ

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಕ್ಕರೆಯ ತವರಾದ ನಮ್ಮಲ್ಲಿ ಹುಳಿಹಣ್ಣು ಏಕೆ ಸಿಹಿಯ ಪಾಲಾಗಲಿಲ್ಲ? ಬಿಳಿಯ ಸಕ್ಕರೆ ನಮ್ಮ ಸಾಮಾನ್ಯ ಜನರ ಮನೆಗೆ ಬಂದದ್ದು ತಡವಾಗಿ ಎಂಬುದು ಒಂದು ಕಾರಣ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದೇ 1933ರಲ್ಲಿ. ಆದರೆ ಬೆಲ್ಲ ಮೊದಲಿನಿಂದಲೂ ಇತ್ತಲ್ಲ? ಮುಖ್ಯ ಕಾರಣ ಬೇರೆ. ಅನ್ನ, ಮುದ್ದೆ, ರೊಟ್ಟಿಯನ್ನು ನಂಬಿದ ಊಟಕ್ಕೆ ಕಲಸಿಕೊಳ್ಳಲು, ನಂಚಿಕೊಳ್ಳಲು ಹುಳಿ ಬೇಕು. ನಮ್ಮಲ್ಲಿ ಒಂದು ಬಗೆಯ ಸಾರಿನ ಹೆಸರೇ ‘ಹುಳಿ’. ಕೆಡದಂತೆ ಇಡಲು ಬಿಸಿಲಿದೆ, ಉಪ್ಪಿದೆ, ಸಕ್ಕರೆಯ ಹಂಗಿಲ್ಲ. ಬೆಲ್ಲ ಹಾಕಿದರೂ ಅದು ಹುಳಿಯನ್ನು ಅಡಗಿಸಲು ಅಲ್ಲ. ಕವಳಿಕಾಯಿ ಗೊಜ್ಜಿನಲ್ಲಿ ಕಾಯಿಯ ಹುಳಿ, ಬೆಲ್ಲದ ಸಿಹಿ, ಮೆಣಸಿನ ಖಾರ, ಉಪ್ಪು ನಾಲ್ಕೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಯಾವುದೂ ಇನ್ನೊಂದನ್ನು ಸೋಲಿಸುವುದಿಲ್ಲ. ಸಿಹಿಯದೊಂದು ಪಂಕ್ತಿ, ಖಾರದ್ದೊಂದು ಪಂಕ್ತಿ ಎಂದು ಅಡುಗೆಯನ್ನು ಒಡೆದು ಕೂರಿಸಿದ್ದು ನಮ್ಮ ಗೊಜ್ಜು ಬಲ್ಲವರ ಪದ್ಧತಿಯಲ್ಲ.

ಮೀನು ಮತ್ತು ಹುಳಿಹಣ್ಣಿನ ನಂಟೂ ನಮ್ಮಲ್ಲಿ ಮುರಿದಿಲ್ಲ. ಕಾರವಾರ, ಕುಮಟಾ ಕಡೆಯ ಮೀನಿನ ಸಾರಿಗೆ ಮುರುಗಲಿನ ಒಣಸಿಪ್ಪೆ ಬೀಳುತ್ತದೆ. ಫ್ರಾನ್ಸಿನ ತೀರದಲ್ಲಿ ಗೂಸ್‌ಬೆರಿ ಮಾಡುತ್ತಿದ್ದ ಕೆಲಸವನ್ನೇ ಅದು ಬಂಗುಡೆಗೆ ಮಾಡುತ್ತದೆ. ಯಾರೂ ಯಾರಿಂದಲೂ ಕಲಿತದ್ದಲ್ಲ. ಮೀನಿನ ಜಿಡ್ಡೇ ಎರಡೂ ತೀರದವರಿಗೆ ಕಲಿಸಿದ ಪಾಠ. ಅದೇ ಮುರುಗಲು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿಯಾಗಿ ಸಾರಾಗುತ್ತದೆ, ಸಕ್ಕರೆ ಸೇರಿ ಬೇಸಗೆಯ ಶರಬತ್ತಾಗುತ್ತದೆ; ಬೀಜದಿಂದ ತೆಗೆದ ಗಟ್ಟಿ ತುಪ್ಪ ಒಡೆದ ಹಿಮ್ಮಡಿಗೆ ಮದ್ದಾಗುತ್ತದೆ. ಅದರ ಸೋದರ ಉಪ್ಪಾಗೆ. ಈ ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗಿ ಕುದಿಸಿಟ್ಟ ಕಾಚಂಪುಳಿಯಿಲ್ಲದೆ ಕೊಡಗಿನ ಪಂದಿ ಕರಿ ಇಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲೂ ಕವಳಿ, ಮುರುಗಲು, ಉಪ್ಪಾಗೆ ಮೂರೂ ಬೆರ್ರಿಗಳೇ.

ಉಪ್ಪಾಗೆಯ ಪಾಠ

ಈ ಉಪ್ಪಾಗೆಯ ಮೂಲಕವೇ ಸಕ್ಕರೆಯ ಕಥೆ ಸುತ್ತಿ ಬಂದು ನಮ್ಮ ಘಟ್ಟವನ್ನು ಮುಟ್ಟಿತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಇದರ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. ದೇಹದಲ್ಲಿ ಕೊಬ್ಬು ಕಟ್ಟುವ ಕ್ರಿಯೆಯನ್ನು ಈ ಆಮ್ಲ ತಡೆಯಬಲ್ಲದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದದ್ದೇ ತಡ, ಸಿಹಿ ತಿಂದು ಮೈ ಬೆಳೆಸಿಕೊಂಡ ದೇಶಗಳಲ್ಲಿ ಇದರ ಮಾತ್ರೆಗೆ ಬೇಡಿಕೆ ಹುಟ್ಟಿತು. 1990ರ ದಶಕದಲ್ಲಿ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆಯ ಕಾಡಿನಿಂದ ಉಪ್ಪಾಗೆ ಸಿಪ್ಪೆ ಹೊರಗೆ ಹೋಗತೊಡಗಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು, ತೂಕ ಇಳಿಸುವುದರಲ್ಲಿ ಈ ಮಾತ್ರೆ ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲಲ್ಲ ಎಂದಿತು.

ಅಷ್ಟರಲ್ಲಿ ಕಾಡಿಗೆ ಆಗಬೇಕಾದ ಹಾನಿ ಆಗಿತ್ತು. ಯಾರದೂ ಅಲ್ಲದ ಮರದಲ್ಲಿ ಮೊದಲು ಕೈಹಾಕಿದವನಿಗೇ ಲಾಭ. ಹಾಗಾಗಿ ಹಣ್ಣಾಗುವವರೆಗೆ ಕಾಯುವವರಿಲ್ಲ. ಕಾಯಿಯನ್ನೇ ಉದುರಿಸಿದರು, ಎಟುಕದಿದ್ದರೆ ಕೊಂಬೆಯನ್ನೇ ಕಡಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಅದಕ್ಕೂ ಕಾಡಿನದೇ ಸೌದೆ. ಮನೆಯ ಅಡುಗೆಗೆ ಬೇಕಾದಷ್ಟನ್ನೇ ತರುತ್ತಿದ್ದ ಕಾಲದಲ್ಲಿ ಹಣ್ಣಿಗೂ ಮರಕ್ಕೂ ಇದ್ದ ಹೊಂದಾಣಿಕೆ ವ್ಯಾಪಾರದ ಓಟಕ್ಕೆ ಸಿಕ್ಕಿ ತಪ್ಪಿತು.

ಕವಳಿಯ ಪಾಡು ಇನ್ನೊಂದು ಬಗೆಯದು. ಅದಕ್ಕೆ ಕೊಳ್ಳುವವರ ಕಾಟವಿಲ್ಲ, ಮರೆವಿನ ಕಾಟ. ಹೊಲದ ಬದುವಿಗೆ ಮುಳ್ಳುಬೇಲಿಯಾಗಿದ್ದ ಪೊದೆಯನ್ನು ಕಿತ್ತು ತಂತಿ ಎಳೆದರು. ಬೆಟ್ಟ, ಬೇಣ, ಗೋಮಾಳಗಳು ಒತ್ತುವರಿಗೂ ನೆಡುತೋಪಿಗೂ ಬಲಿಯಾದವು. ಕೊಡುವವರಿಲ್ಲದೆಯೇ ಸಿಗುತ್ತಿದ್ದ ಹಣ್ಣು ಹಳ್ಳಿಯ ಬಡ ಮಕ್ಕಳ ಪಾಲಿನದಾಗಿತ್ತು; ಬೇಲಿಯ ಜೊತೆಗೆ ಆ ಪಾಲೂ ಹೋಯಿತು.

ಹಾಗಾದರೆ ಕಾಡುಹಣ್ಣಿನ ಮೇಲೆ ಹಕ್ಕು ಯಾರದು? ಸ್ವೀಡನ್ನಿನಲ್ಲಿ ಕಾಡಿನ ಒಡೆಯ ಯಾರೇ ಆಗಿರಲಿ, ಅಲ್ಲಿ ನಡೆದು ಬೆರ್ರಿ ಆರಿಸುವ ಹಕ್ಕು ಎಲ್ಲರಿಗೂ ಇದೆ. ಹಳೆಯ ಈ ರೂಢಿಯನ್ನು 1994ರಲ್ಲಿ ಸಂವಿಧಾನದಲ್ಲೇ ಸೇರಿಸಿದರು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಅರಣ್ಯ ಉತ್ಪನ್ನಗಳ ಮೇಲೆ ಒಡೆತನದ ಹಕ್ಕನ್ನು ಮಾನ್ಯ ಮಾಡಿದೆ. ಮರದ ಮೇಲೆ ನಾಳೆಯೂ ತನಗೆ ಪಾಲಿದೆ ಎಂದು ತಿಳಿದವನು ಇಂದು ಕೊಂಬೆ ಕಡಿಯುವುದಿಲ್ಲ. ಉಪ್ಪಾಗೆಯ ಅನುಭವ ಹೇಳುವುದು ಇದನ್ನೇ.

ಕಾನೂನು ಮರವನ್ನು ಕಾಯಬಹುದು. ರುಚಿಯನ್ನು ಕಾಯಬೇಕಾದವರು ಅಡುಗೆ ಮಾಡುವವರು. ಬಾರ್ಬೆರಿಯ ಇತಿಹಾಸವನ್ನು ನೋಡಿದರೆ ಗಿಡ ಹೋದ ಕಡೆ ಅಡುಗೆ ಉಳಿಯಲಿಲ್ಲ. ಅಡುಗೆ ಉಳಿದ ಕಡೆ ಗಿಡವನ್ನೂ ಜನ ಉಳಿಸಿಕೊಂಡರು. ದೂರದಿಂದ ಪೆಟ್ಟಿಗೆಯಲ್ಲಿ ಬರುವ ಸ್ಟ್ರಾಬೆರಿ, ಬ್ಲೂಬೆರಿಗಳನ್ನು ಬೇಡವೆನ್ನಬೇಕಾಗಿಲ್ಲ. ಅವಕ್ಕೂ ಅವುಗಳದೇ ರುಚಿಯಿದೆ. ಆದರೆ ಮುಂಗಾರಿಗೆ ಮುಂಚೆ ಸಂತೆಯ ಮೂಲೆಯಲ್ಲಿ ಅಜ್ಜಿಯೊಬ್ಬಳು ಕವಳಿಕಾಯಿಯ ಗುಡ್ಡೆ ಹಾಕಿಕೊಂಡು ಕುಳಿತಿದ್ದರೆ ಅರ್ಧ ಸೇರು ಕೊಂಡು ತಂದು, ಹಾಲು ಹೋಗುವಂತೆ ಉಪ್ಪುನೀರಿನಲ್ಲಿ ತೊಳೆದು, ಒಂದು ಗೊಜ್ಜು ಕಾಯಿಸುವುದು ದೊಡ್ಡ ಕೆಲಸವೇನಲ್ಲ. ಕೊಳ್ಳುವವರಿದ್ದರೆ ಮುಂದಿನ ವರ್ಷವೂ ಅವಳು ಬರುತ್ತಾಳೆ; ಅವಳು ಬರಬೇಕಾದರೆ ಆ ಪೊದೆಯೂ ಇರಬೇಕು.